ಬಿದ್ದು ಎದ್ದವರ ದನಿ

ಗ್ಲೋರಿಯಾ ಗೇನರ್ ಹಾಡಿದ ‘ಐ ವಿಲ್ ಸರ್ವೈವ್’ ಮುಶಿಗೇರಿಯ ನಮ್ಮ ಚಿಗವ್ವನ ಪಡಸಾಲೆಗೆ ಬಂದದ್ದು ಅವಳ ಮಗಳ ಮೊಬೈಲಿನಿಂದ. ಬೆಂಗಳೂರಿನಲ್ಲಿ ಓದುವ ಹುಡುಗಿ ಸೂಟಿಗೆ ಬಂದಿದ್ದಳು. ಚಿಗವ್ವ ಮೊರ ಹಿಡಿದು ಕಡಲೆ ಹಸನು ಮಾಡುತ್ತಿದ್ದಳು. ಇಂಗ್ಲಿಷಿನ ಒಂದಕ್ಷರವೂ ಆಕೆಗೆ ತಿಳಿಯದು. ಸ್ವಲ್ಪ ಹೊತ್ತು ಕೇಳಿ ಮೊರ ಕೆಳಗಿಟ್ಟಳು. “ಮೊದಲ ಅಂಜಿಕೋತ ಶುರು ಮಾಡಿದ್ಲು, ಈಗ ಎದ್ದು ನಿಂತಾಳ ನೋಡು. ಯಾರವ್ವಾ ಈಕಿ?” ಅಂದಳು.

ಹಾಡಿನ ಹುರುಳೂ ಅದೇ. ಕೈಬಿಟ್ಟು ಹೋದವನು ತಿರುಗಿ ಬಂದಾಗ ಅವನಿಗೆ ಬಾಗಿಲು ತೋರಿಸುವ ಹೆಣ್ಣಿನ ಹಾಡದು. 1978ರಲ್ಲಿ ಗೇನರ್ ವೇದಿಕೆಯ ಮೇಲೆ ಬಿದ್ದು, ಬೆನ್ನೆಲುಬಿನ ಶಸ್ತ್ರಚಿಕಿತ್ಸೆಯಾಗಿ, ಬೆನ್ನಿಗೆ ಪಟ್ಟಿ ಬಿಗಿದುಕೊಂಡೇ ಇದನ್ನು ಹಾಡಿದರು. ಕಂಪನಿಯವರು ರೆಕಾರ್ಡಿನ ಎರಡನೆಯ ಮಗ್ಗುಲಿಗೆ ಹಾಕಿದ್ದರು. ಡಿಸ್ಕೊಗಳಲ್ಲಿ ಅದನ್ನು ಮಗುಚಿ ಹಾಕತೊಡಗಿದ ಮೇಲೆ 1979ರಲ್ಲಿ ಅಮೆರಿಕದ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಚಿಗವ್ವನಿಗೆ ಇದನ್ನೆಲ್ಲ ಹೇಳಿದೆವು. ಗಂಡ ತೀರಿದ ಮೇಲೆ ಎರಿ ಹೊಲ, ಸೊಸೈಟಿ ಸಾಲ, ಮಕ್ಕಳ ಓದು ಎಲ್ಲವನ್ನೂ ಒಬ್ಬಳೇ ಹೊತ್ತವಳು ಆಕೆ. “ಮತ್ತ! ಬಿದ್ದು ಎದ್ದಾಕಿ ದನಿ ಅದು” ಎಂದು ಇನ್ನೊಮ್ಮೆ ಹಾಕಿಸಿಕೊಂಡಳು.

ನಡುವಯಸ್ಸಿನ ಹೆಂಗಸರನ್ನು ಹಿಡಿದು ನಿಲ್ಲಿಸುವ ಪಶ್ಚಿಮದ ಹಾಡುಗಳಲ್ಲಿ ನನಗೆ ಮತ್ತೆ ಮತ್ತೆ ಸಿಗುವುದು ಇಂಥ ದನಿಗಳೇ. ಟೀನಾ ಟರ್ನರ್ ಹೊಡೆಯುವ ಗಂಡನನ್ನು ಬಿಟ್ಟು ಬಂದವರು. 1984ರಲ್ಲಿ ‘ವಾಟ್ಸ್ ಲವ್ ಗಾಟ್ ಟು ಡೂ ವಿತ್ ಇಟ್’ ಮೊದಲ ಸ್ಥಾನಕ್ಕೆ ಬಂದಾಗ ಅವರಿಗೆ 44. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಜೋನಿ ಮಿಚೆಲ್ ಅವರ ‘ಬೋತ್ ಸೈಡ್ಸ್ ನೌ’. ಇಪ್ಪತ್ಮೂರರ ಹುಡುಗಿ ಬರೆದ ಹಾಡು. 1969ರಲ್ಲಿ ತಾವೇ ಹಾಡಿ ಮುದ್ರಿಸಿದ್ದು ತೆಳುವಾದ, ಮೇಲಕ್ಕೆ ಹಾರುವ ದನಿಯಲ್ಲಿ. 2000ರಲ್ಲಿ, ಐವತ್ತು ದಾಟಿದ ಮೇಲೆ, ದೊಡ್ಡ ವಾದ್ಯವೃಂದದೊಂದಿಗೆ ಮತ್ತೆ ಹೊರತಂದರು. ದನಿ ಕೆಳಕ್ಕಿಳಿದಿದೆ, ಗೊಗ್ಗರಾಗಿದೆ, ಅಲ್ಲಲ್ಲಿ ಉಸಿರು ಕೇಳಿಸುತ್ತದೆ. ಸಾಲುಗಳು ಅವೇ. ಹುಡುಗಿ ಊಹಿಸಿ ಬರೆದದ್ದಕ್ಕೆ ಈ ಹೆಂಗಸು ಸಾಕ್ಷಿ ನುಡಿಯುತ್ತಾಳೆ.

ನಮ್ಮ ಕಡೆಯವರಿಗೆ ಇಂಥ ದನಿ ಹೊಸದೇನಲ್ಲ. ಗಂಗೂಬಾಯಿ ಹಾನಗಲ್ಲರ ಎಳೆಯ ದನಿ ಗಂಟಲಿನ ಚಿಕಿತ್ಸೆಯಾದ ಮೇಲೆ ಗಂಡುದನಿಯಂತಾಯಿತು. ಅವರು ಅದನ್ನು ಮುಚ್ಚಿಡಲಿಲ್ಲ, ಅದರಲ್ಲೇ ಕಿರಾನಾ ಘರಾಣೆಯ ಖ್ಯಾಲ್ ಹಾಡಿದರು. 2002ರಲ್ಲಿ ಪದ್ಮವಿಭೂಷಣ ಬಂದದ್ದು ಆ ದನಿಗೇ.

ಅವರಿಗೂ ಮುಂಚೆ ನಮ್ಮ ಹೆಂಗಸರು ಬೀಸುಕಲ್ಲಿನ ಮುಂದೆ ಕುಳಿತು ಹಾಡಿದ್ದಾರೆ. ಹಲಸಂಗಿ ಗೆಳೆಯರು ಕೂಡಿಸಿ 1931ರಲ್ಲಿ ಅಚ್ಚು ಹಾಕಿಸಿದ ‘ಗರತಿಯ ಹಾಡು’ ಅಂಥ ತ್ರಿಪದಿಗಳದ್ದು. ತವರಿನ ಹಂಬಲ, ಅಣ್ಣನ ದಾರಿ ಕಾಯುವುದು, ಅತ್ತೆಮನೆಯ ಕಷ್ಟ, ಎಲ್ಲವೂ ಅದರಲ್ಲಿವೆ. ಊರಿಗೆ ಹಿಟ್ಟಿನ ಗಿರಣಿ ಬಂತು, ರಟ್ಟೆಗೆ ಆರಾಮ ಸಿಕ್ಕಿತು, ಬರಬೇಕಾದದ್ದೇ ಅದು. ಅದರ ಜೊತೆಗೇ ನಸುಕಿನಲ್ಲಿ ಯಾರ ಹಂಗೂ ಇಲ್ಲದೆ ತನ್ನಷ್ಟಕ್ಕೆ ಹಾಡಿಕೊಳ್ಳುವ ಹೊತ್ತು ಹೋಯಿತು. ಈಗ ಸೋಬಾನಕ್ಕೆ, ಭಜನೆಗೆ, ಕಳೆ ತೆಗೆಯುವ ಸಾಲಿನಲ್ಲಿ ಅಷ್ಟಿಷ್ಟು ಹಾಡುತ್ತಾರೆ. ಅಲ್ಲಿ ಹಾಡು ನಾಲ್ಕು ಮಂದಿಯದು. ಒಬ್ಬಳದೇ ಆದ ಹಾಡಿಗೆ ಮನೆಯಲ್ಲಿ ಜಾಗ ಉಳಿದಿಲ್ಲ. ಭಾಷೆ ತಿಳಿಯದ ಗೇನರ್ ಚಿಗವ್ವನಿಗೆ ಅಷ್ಟು ಬೇಗ ಹತ್ತಿರವಾದದ್ದು ಇದಕ್ಕೇ ಎಂದು ನನ್ನ ನಂಬಿಕೆ.

ನಿಮ್ಮ ಮನೆಯಲ್ಲಿ ಅವ್ವ, ಚಿಗವ್ವ, ಅತ್ತಿ ಇದ್ದರೆ ಜೋನಿ ಮಿಚೆಲ್ಲರ 2000ರ ಮುದ್ರಣವನ್ನು ಒಮ್ಮೆ ಕೇಳಿಸಿ. ಅರ್ಥ ಬಿಡಿಸಿ ಹೇಳುವ ಅವಸರ ಮಾಡಬೇಡಿ. ಮುಗಿದ ಮೇಲೆ “ಈಗ ನೀ ಒಂದು ಹಾಡು” ಎಂದು ಕೇಳಿ, ಅವರು ಹಾಡಿದ್ದನ್ನು ಅದೇ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ದನಿ ಒಡೆದಿದ್ದರೂ ಅಳಿಸಬೇಡಿ.