ಬಣ್ಣ ಕಡಿಗೆ, ಮೊದ್ಲ್ ಬಡ್ದ್ ಕಾಣ್

ಕಳೆದ ಬೇಸಿಗೆಯಲ್ಲಿ ನಾನೂ ನನ್ನ ಸಹೋದ್ಯೋಗಿಯೂ ಸೇರಿ ಸಿಯಾಟಲ್‌ನಲ್ಲಿ ಒಂದು ಹಳೇ ಹಾಯಿದೋಣಿ ಕೊಂಡೆವು. 1978ರ ಕ್ಯಾಟಲಿನಾ 27. ಇಪ್ಪತ್ತೇಳು ಅಡಿ ಉದ್ದ, ಫೈಬರ್ ಗ್ಲಾಸ್ ಮೈ. ವಯಸ್ಸು ನನಗಿಂತ ಜಾಸ್ತಿ, ಬೆಲೆ ಸೆಕೆಂಡ್ ಹ್ಯಾಂಡ್ ಕಾರಿಗಿಂತ ಕಮ್ಮಿ. ಯಾಕೆ ಕಮ್ಮಿ ಅಂತ ಕೈಯಿಟ್ಟು ಸವರಿದಾಗ ಗೊತ್ತಾಯ್ತು. ಅಂಗೈ ತುಂಬ ಸೀಮೆಸುಣ್ಣದಂಥ ಬಿಳಿ ಪುಡಿ!

ಫೈಬರ್ ದೋಣಿಯ ಹೊರಗಿನ ಹೊಳಪು ಬಣ್ಣದ್ದಲ್ಲ, ಜೆಲ್ ಕೋಟ್ ಎಂಬ ಪದರದ್ದು. ಹೆಚ್ಚುಕಮ್ಮಿ ಅರ್ಧ ಮಿಲಿಮೀಟರ್ ದಪ್ಪ, ಅಷ್ಟೇ. ವರ್ಷಗಟ್ಟಲೆ ಬಿಸಿಲು ತಿಂದರೆ ಅದು ಮಂಕಾಗಿ ಪುಡಿಪುಡಿ ಆಗುತ್ತದೆ. ನಾನು ಇಂಜಿನಿಯರ್ ಅಲ್ವಾ, ಎರಡು ರಾತ್ರಿ ವಿಡಿಯೋ ನೋಡಿ ಸ್ಪ್ರೆಡ್‌ಶೀಟ್ ಮಾಡಿದೆ. ಮೊದಲು ಸೋಪಿನಲ್ಲಿ ತೊಳೆಯುವುದು. ಆಮೇಲೆ ಹಳೇ ಮೇಣ ತೆಗೆಯುವುದು, ಇಲ್ಲದಿದ್ದರೆ ಉಜ್ಜುವಾಗ ಅದು ಒಳಗೇ ಸೇರಿಕೊಳ್ಳುತ್ತದೆ. ನಂತರ ನೀರು ಹಾಕಿ 600, 800, 1000 ನಂಬರಿನ ಮರಳುಕಾಗದ. ಕೊನೆಗೆ ಕಾಂಪೌಂಡ್, ಪಾಲಿಶ್, ಮೇಣ. ತೀರಾ ಸವೆದ ಕಡೆ ಮಾತ್ರ ಪೇಂಟ್.

ಮೊದಲ ದಿನವೇ ಎಡವಟ್ಟು. ಪಾಲಿಶ್ ಮೆಷಿನ್ ಒಂದೇ ಕಡೆ ಜಾಸ್ತಿ ಹೊತ್ತು ಒತ್ತಿ ಹಿಡಿದೆ. ಅಂಚಿನಲ್ಲಿದ್ದ ಜೆಲ್ ಕೋಟ್ ಪೂರ್ತಿ ಹೋಗಿ ಒಳಗಿನ ಫೈಬರ್ ನಾರು ಕಾಣಿಸತೊಡಗಿತು. ಸಂಜೆ ಏಳಾಗಿತ್ತು. ಊರಲ್ಲಿ ಮರುದಿನ ಬೆಳಗ್ಗೆ ಏಳೂವರೆ. ಬೇರೆ ದಾರಿ ಕಾಣದೆ ಅಪ್ಪಯ್ಯನಿಗೆ ವಿಡಿಯೋ ಕಾಲ್ ಮಾಡಿದೆ.

ಇಲ್ಲೊಂದು ವಿಷಯ ಹೇಳಬೇಕು. ನಮ್ಮೂರು ಕುಂದಾಪುರದ ಹತ್ತಿರ. ಅಪ್ಪಯ್ಯ ಇಪ್ಪತ್ತೆರಡು ವರ್ಷ ಮೀನುಗಾರಿಕೆ ದೋಣಿಗಳಿಗೆ ಫೈಬರ್ ಕೆಲಸ ಮಾಡಿದವರು. ಮ್ಯಾಟ್ ಹಾಸಿ, ರೆಸಿನ್ ಬಳಿದು, ಒಡೆದದ್ದನ್ನು ಕೂಡಿಸುವುದು. ಮನೆಗೆ ಬಂದರೆ ಅಂಗಿ ತುಂಬ ಗಾಜಿನ ಪುಡಿ. ಅದು ತಾಗಿದರೆ ತುರಿಕೆ ಅಂತ ಅಮ್ಮ ಅವರ ಬಟ್ಟೆಯನ್ನು ಬೇರೆಯೇ ಒಗೆಯುತ್ತಿದ್ದರು. ನನ್ನ ಕಾಲೇಜ್ ಫೀಸ್ ಬಂದದ್ದು ಆ ಪುಡಿಯಿಂದಲೇ. ಆದರೆ ಹಾಸ್ಟೆಲ್‌ನಲ್ಲಿ ಯಾರಾದರೂ ಕೇಳಿದರೆ ನಾನು ಹೇಳುತ್ತಿದ್ದದ್ದು, "ಅಪ್ಪಂದು ಬೋಟ್ ಬಿಸಿನೆಸ್." ಒಮ್ಮೆ ಅವರು ಕೆಲಸದಿಂದ ಸೀದಾ ನನ್ನ ನೋಡಲು ಬಂದಿದ್ದಾಗ, ರೆಸಿನ್ ವಾಸನೆಗೆ ಹೆದರಿ ಗೇಟಿನ ಹೊರಗೇ ಮಾತಾಡಿಸಿ ಕಳಿಸಿದ್ದೆ. ಅವರು ಏನೂ ಹೇಳಲಿಲ್ಲ. ತಂದಿದ್ದ ಚಕ್ಕುಲಿ ಪೊಟ್ಟಣ ಕೊಟ್ಟು ಬಸ್ಸು ಹತ್ತಿದರು.

ಈಗ ಸ್ಕ್ರೀನಿನಲ್ಲಿ ನನ್ನ ಮಾಸ್ಕು, ಬಿಳಿ ಮೆತ್ತಿದ ತಲೆ ನೋಡಿ ಅಪ್ಪಯ್ಯ ನಕ್ಕರು. "ಇದೇ ಕೆಲ್ಸ ಮಾಡುಕೆ ಅಷ್ಟ್ ದೂರ ಹೋದ್ಯಾ ಮಗಾ?"

ನನಗೂ ನಗು ಬಂತು. ಆದರೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಿತು.

ನಾರು ಕಂಡ ಜಾಗದ ಬಗ್ಗೆ ಅವರು ಜಾಸ್ತಿ ತಲೆಕೆಡಿಸಿಕೊಳ್ಳಲಿಲ್ಲ. "ಅದಕ್ಕೆ ಜೆಲ್ ಕೋಟ್ ಹಚ್ಚಿ ಉಜ್ಜಿರ್ ಸಾಕ್. ಮೇಲೆ ನಡೀತ್ರಲ್ಲ, ಆ ಜಾಗ ತೋರ್ಸ್" ಅಂದರು. ಡೆಕ್ ತೋರಿಸಿದೆ. ರೇಲಿಂಗ್ ಕಂಬದ ಬುಡದಲ್ಲಿ ಕೂದಲೆಳೆಯಂಥ ಬಿರುಕುಗಳು. ಅದರ ಮೇಲೆ ಪೇಂಟ್ ಹೊಡೆಯುವುದು ನನ್ನ ಪ್ಲಾನ್. "ಬಣ್ಣ ಕಡಿಗೆ. ಮೊದ್ಲ್ ಬಡ್ದ್ ಕಾಣ್."

ಸ್ಕ್ರೂಡ್ರೈವರ್ ಹಿಡಿಯಿಂದ ಬಡಿಯುತ್ತಾ ಹೋದೆ. ಟಕ್, ಟಕ್, ಟಕ್. ಕಂಬದ ಬುಡಕ್ಕೆ ಬಂದಾಗ ಶಬ್ದ ಬದಲಾಯ್ತು. ಡಪ್. ಏಳು ಸಮುದ್ರದಾಚೆ ಕೂತವರಿಗೆ ನನಗಿಂತ ಮೊದಲೇ ಕೇಳಿಸಿತು. "ನಿಲ್ಸ್. ಒಳಗೆ ನೀರ್ ಇತ್ತ್."

ಡೆಕ್ಕಿನಲ್ಲಿ ಎರಡು ಫೈಬರ್ ಪದರಗಳ ನಡುವೆ ಮರ ಇರುತ್ತದೆ. ಬೋಲ್ಟಿನ ತೂತಿನಿಂದ ಇಳಿದ ನೀರು ಆ ಮರವನ್ನು ಕೊಳೆಸಿತ್ತು. ಮೇಲಿನ ಪದರ ಕತ್ತರಿಸಿ ತೆಗೆದರೆ ಊಟದ ತಟ್ಟೆಯಷ್ಟು ಅಗಲಕ್ಕೆ ಕಪ್ಪು ಮುದ್ದೆ. ನಾನು ಬಣ್ಣ ಹೊಡೆದಿದ್ದರೆ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಅಲೆ ಬಂದಾಗ ಯಾರಾದರೂ ಆ ಕಂಬವನ್ನೇ ಹಿಡಿದುಕೊಳ್ಳುತ್ತಿದ್ದರು.

ಮುಂದಿನ ಐದು ಶನಿವಾರ ನಮ್ಮ ಕ್ಲಾಸು. ಕೊಳೆತದ್ದನ್ನು ಕೆರೆದು ತೆಗೆದೆವು, ಪೂರ್ತಿ ಒಣಗಿಸಿದೆವು, ಹೊಸ ಮರ ಇಟ್ಟು ಎಪಾಕ್ಸಿಯಿಂದ ಮುಚ್ಚಿದೆವು. ನಾನು ಅವಸರ ಮಾಡಿದಾಗೆಲ್ಲ ಅಪ್ಪಯ್ಯ "ಒಣಗ್ಲಿ" ಅನ್ನುತ್ತಿದ್ದರು. ಆಮೇಲೆ ಪೇಂಟು. ದೋಣಿಯ ಪಕ್ಕಗಳಿಗೆ ಮೇಣ ಹಚ್ಚಿದೆವು, ನಡೆಯುವ ಜಾಗಕ್ಕೆ ಹಚ್ಚಲಿಲ್ಲ. ಅಲ್ಲಿ ಹೊಳಪಿದ್ದರೆ ಕಾಲು ಜಾರುತ್ತದೆ.

ಪಕ್ಕದ ದೋಣಿಯ ವಯಸ್ಸಾದವರೊಬ್ಬರು ಒಂದು ದಿನ ಬಂದು ನೋಡಿ, ಇಷ್ಟು ನೀಟಾದ ಕೆಲಸ ಎಲ್ಲಿ ಕಲಿತೆ ಅಂತ ಕೇಳಿದರು. "ನಮ್ಮಪ್ಪ ಕಲಿಸಿದ್ದು. ಅವರು ಫೈಬರ್ ಕೆಲಸದವರು" ಅಂದೆ. ಹಾಸ್ಟೆಲ್ ಗೇಟಿನಿಂದ ಈ ಮಾತಿಗೆ ಬರಲು ನನಗೆ ಹನ್ನೆರಡು ವರ್ಷ ಬೇಕಾಯ್ತು. ಅಪ್ಪಯ್ಯ ಆಗ ಕಾಲ್‌ನಲ್ಲೇ ಇದ್ದರು. ಇಂಗ್ಲಿಷ್ ಎಷ್ಟು ಅರ್ಥವಾಯ್ತೋ, ನಾನು ಕೇಳಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕನ್ನಡಕ ತೆಗೆದು ಒರೆಸಿಕೊಂಡರು.

ದೋಣಿ ನೀರಿಗಿಳಿದ ದಿನ ಫಳಫಳ ಹೊಳೆಯುವ ಫೋಟೋ ಕಳಿಸಿದೆ. ಎರಡೇ ಮಾತಿನ ಉತ್ತರ ಬಂತು: "ಚಂದ ಆಯ್ತ್. ಬಡ್ದ್ ಕಂಡ್ಯಾ?"

ಸ್ಕ್ರೂಡ್ರೈವರ್ ತಗೊಂಡು ಆ ಕಂಬದ ಬುಡಕ್ಕೆ ಬಡಿದೆ. ರೆಕಾರ್ಡ್ ಮಾಡಿ ಕಳಿಸಿದೆ. ಟಕ್, ಟಕ್, ಟಕ್.