ಒಂದು ಕಾರಿನ ವಂಶಾವಳಿ

ಮನೆತನಗಳ ವಂಶಾವಳಿಯನ್ನು ಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ಹೊಲಗಳ ವಂಶಾವಳಿಯನ್ನು ಬಲ್ಲವರು ಅವರಿಗಿಂತ ಹೆಚ್ಚು; ಉತಾರವನ್ನು ಕೈಯಲ್ಲಿ ಹಿಡಿದು, ಯಾರ ಹೆಸರು ಹೋಗಿ ಯಾರ ಹೆಸರು ಬಂದಿತೆಂಬುದನ್ನು ಮುತ್ತಾತನ ಕಾಲದಿಂದ ತಡವರಿಸದೆ ಹೇಳುವ ಮುದುಕರನ್ನು ನಾವು ಊರಿನಲ್ಲಿ ಕಂಡಿದ್ದೇವೆ. ಒಂದು ಮೋಟಾರು ಕಾರಿನ ವಂಶಾವಳಿಯನ್ನು ಹುಡುಕುವ ಪ್ರಸಂಗ ಮಾತ್ರ ನಮಗೆ ಒದಗಿದ್ದು ವಾಶಿಗೆ ಬಂದ ಮೇಲೆಯೇ.

ಇಲ್ಲಿಯ ಕೃಷಿ ಉತ್ಪನ್ನ ಮಾರುಕಟ್ಟೆಯ ಬದಿಯಲ್ಲಿ ವಿಜಯಪುರದ ಕಡೆಯವರೊಬ್ಬರ ಗ್ಯಾರೇಜಿದೆ. ನಮ್ಮ ಮಕ್ಕಳಿಗೆಲ್ಲ ಅವರು ‘ಕಾಕಾ’. ಈರುಳ್ಳಿಯ ಲಾರಿಗಳ ದುರಸ್ತಿಯೇ ಅವರ ಅನ್ನ. ಆ ಲಾರಿಗಳ ಹಿಂದೆ, ತಗಡಿನ ಮಾಡಿನ ಕೆಳಗೆ, ಎರಡೇ ಬಾಗಿಲಿನ ಸಣ್ಣ ಕಾರೊಂದು ಇಪ್ಪತ್ತೈದು ವರ್ಷಗಳಿಗೂ ಮಿಕ್ಕಿ ನಿಂತಿದೆ. ಗ್ಯಾರೇಜಿನ ಜಾಗವನ್ನು ಬರುವ ವರ್ಷ ತೆರವು ಮಾಡಬೇಕಾಗಿ ಬಂದುದರಿಂದ ಅದರ ಗತಿಯೇನೆಂಬ ಪ್ರಶ್ನೆ ಎದ್ದಿತು. ಮೊದಲು ಬಂದವನು ಗುಜರಿಯವನು. ಇಲ್ಲಿ ಅವನನ್ನು ‘ಭಂಗಾರ್‌ವಾಲಾ’ ಎನ್ನುತ್ತಾರೆ. ನಮ್ಮ ಬಂಗಾರಕ್ಕೂ ಈ ಭಂಗಾರಕ್ಕೂ ಇರುವ ದೂರವನ್ನು ಹೊಸದಾಗಿ ಬಂದ ಕನ್ನಡಿಗನು ನಾಲ್ಕು ದಿನದಲ್ಲಿ ಕಲಿಯುತ್ತಾನೆ. ಅವನು ಕಾರಿನ ಮೈಯನ್ನು ಬೆರಳಿನಿಂದ ತಟ್ಟಿ, “ಇದು ಕಬ್ಬಿಣವಲ್ಲ, ಫೈಬರು, ತೂಕಕ್ಕೂ ಬಾರದು” ಎಂದು ಹೊರಟುಹೋದನು. ಆಮೇಲೆ ಬಂದವರು ಹಳೆಯ ಕಾರುಗಳನ್ನು ಕೊಳ್ಳುವ ಗೃಹಸ್ಥರು. “ಇದು ರ‍್ಯಾಲಿಯಲ್ಲಿ ಓಡಿದ ಕಾರೆಂಬುದು ನಿಜವಾಗಿ, ಕಾಗದಗಳೂ ಸರಿಯಾಗಿದ್ದರೆ ಒಳ್ಳೆಯ ಬೆಲೆ ಕೊಡುತ್ತೇನೆ” ಎಂದರು. ಮರುದಿನ ಕಾಕಾ ಒಂದು ಪ್ಲಾಸ್ಟಿಕ್ ಚೀಲವನ್ನು ತಂದು ನಮ್ಮ ಮೇಜಿನ ಮೇಲಿಟ್ಟರು. “ಇದನ್ನಿಷ್ಟು ಓದಿ ಹೇಳ್ರಿ, ಮಾಸ್ತರ. ಬಂಡಿ ನನ್ನ ಕೈಯಾಗ ಐತಿ; ಹೆಸರು ಯಾರದೈತೋ ಯಾರಿಗ್ಗೊತ್ತು!”

ರ‍್ಯಾಲಿಯೆಂದರೆ ಕಾರುಗಳೆಲ್ಲ ಒಮ್ಮೆಗೇ ನುಗ್ಗುವ ಓಟವಲ್ಲ. ಅವು ಒಂದರ ಹಿಂದೊಂದರಂತೆ ಹೊರಟು, ಸಾಮಾನ್ಯ ರಸ್ತೆಗಳಲ್ಲಿಯೂ ಮಣ್ಣುಹಾದಿಗಳಲ್ಲಿಯೂ ಗಡಿಯಾರದೊಡನೆ ಸ್ಪರ್ಧಿಸುತ್ತವೆ. 1968ರ ನವೆಂಬರ್ 24ರಂದು ಲಂಡನ್ನಿನಿಂದ ಸಿಡ್ನಿಗೆಂದು 98 ಕಾರುಗಳು ಹೊರಟವು. ನೆಲದ ಮೇಲೆ ಮುಂಬಯಿಯವರೆಗೆ ಬಾಳಿ ಬಂದವು ಇಲ್ಲಿ ‘ಚುಸಾನ್’ ಎಂಬ ಹಡಗನ್ನು ಹತ್ತಿ ಆಸ್ಟ್ರೇಲಿಯಕ್ಕೆ ಸಾಗಿದವು. ಆಗ ನಮ್ಮ ಈ ನವಿ ಮುಂಬಯಿ ಕಾಗದದ ಮೇಲೆಯೂ ಪೂರ್ತಿಯಾಗಿ ಮೂಡಿರಲಿಲ್ಲ. ಸಿಡ್ಕೋ ಸಂಸ್ಥೆ ಹುಟ್ಟಿದ್ದು 1970ರಲ್ಲಿ.

ಕಾಕಾ ಅವರ ಕಾರು ಅಷ್ಟು ದೊಡ್ಡ ಮನೆತನದ್ದಲ್ಲ. ಅದು ‘ಡಾಲ್ಫಿನ್’; ಬೆಂಗಳೂರಿನ ಸಿಪಾನಿ ಕಾರ್ಖಾನೆಯ ಕೂಸು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಕಾರಿನ ಅಚ್ಚಿನಲ್ಲಿ 1982ರ ಸುಮಾರಿಗೆ ಹೊರಬಂದಿತು. 848 ಸಿ.ಸಿ.ಯ ಅಲ್ಯೂಮಿನಿಯಂ ಎಂಜಿನು, ಫೈಬರಿನ ಹಗುರವಾದ ಮೈ. ಸಂಸಾರಸ್ಥರು ಎರಡು ಬಾಗಿಲನ್ನು ಒಪ್ಪಲಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ ಬಂದ ಮೇಲೆ ಕೇಳುವುದೇ ಬೇಡ. ಆದರೆ ಆ ಹಗುರತನವೇ ಪಂದ್ಯಗಾರರಿಗೆ ಪ್ರಿಯವಾಯಿತು.

ಚೀಲದೊಳಗೆ ಹಳೆಯ ನೋಂದಣಿ ಪುಸ್ತಕವಿತ್ತು. ಈಗಿನ ಪ್ಲಾಸ್ಟಿಕ್ ಕಾರ್ಡಿನಲ್ಲಿ ಇಂದಿನ ಮಾಲಿಕನ ಹೆಸರೂ ಅವನು ಎಷ್ಟನೆಯವನೆಂಬ ಅಂಕೆಯೂ ಇದ್ದರೆ ಮುಗಿಯಿತು. ಹಳೆಯ ಪುಸ್ತಕದಲ್ಲಿ ಒಬ್ಬರ ಕೆಳಗೊಬ್ಬರಂತೆ ಎಲ್ಲರೂ ಇರುತ್ತಾರೆ. ಈ ಒಂದು ವಿಷಯದಲ್ಲಿ ಹಳೆಯದೇ ಮೇಲೆಂಬುದು ನಮ್ಮ ಮತ. ಅದರಲ್ಲಿ ಕಂಡವು ಎರಡೇ ಹೆಸರು: 1983ರಲ್ಲಿ ಬೆಂಗಳೂರಿನ ಒಂದು ವ್ಯಾಪಾರ ಸಂಸ್ಥೆ, 1986ರಲ್ಲಿ ಚಿಕ್ಕಮಗಳೂರಿನ ಕಾಫಿ ತೋಟದ ಯಜಮಾನರೊಬ್ಬರು. ಕಾರನ್ನು ಕಾಕಾ ಅವರಲ್ಲಿ ಬಿಟ್ಟುಹೋದ ಮುಂಬಯಿಯ ಗಿರಾಕಿಯ ಹೆಸರು ಎಲ್ಲಿಯೂ ಇಲ್ಲ.

ನಂಬರ್ ಪ್ಲೇಟನ್ನು ನಂಬಿ ಕೂರುವಂತಿರಲಿಲ್ಲ. ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿ ಬಿ.ಎಂ.ಸಿ. ಕಂಪನಿಯವರು 1960ರ ದಶಕದ ತಮ್ಮ ಹೆಸರಾಂತ ಮಿನಿ ರ‍್ಯಾಲಿ ಕಾರುಗಳ ಮೈ ಜಜ್ಜಿಹೋದಾಗ ಹೊಸ ಮೈಗೆ ಹಳೆಯ ನಂಬರನ್ನೇ ತೊಡಿಸಿ ಓಡಿಸುತ್ತಿದ್ದರು. ಅಲ್ಲಿಯ ಇತಿಹಾಸಕಾರರು ಇಂದಿಗೂ ತಲೆ ಕೆರೆದುಕೊಳ್ಳುತ್ತಾರೆ. ಆದುದರಿಂದ ಒಂದು ಭಾನುವಾರ ಒಂಬತ್ತನೆಯ ತರಗತಿಯ ನಾಲ್ವರೊಡನೆ ನಾವು ತಂತಿಯ ಬ್ರಷ್ಷು ಹಿಡಿದು ಕಾರಿನ ಕೆಳಗೆ ತೂರಿದೆವು. ಚಾಸಿಯ ಮೇಲೆ ಕೊರೆದ ಅಂಕೆಗಳು ಪುಸ್ತಕದೊಡನೆ ಕೂಡಿಬಂದವು. ಎಂಜಿನಿನ ಅಂಕೆ ಬೇರೆ! ಮಕ್ಕಳ ಮುಖ ಬಾಡಿತು. ಕಾಕಾ ಮಾತ್ರ ನಕ್ಕರು: “ಪಂದ್ಯದ ಬಂಡಿ ಒಂದ ಎಂಜಿನ್ ಮ್ಯಾಲ ಎಷ್ಟ ದಿನಾ ಓಡತೈತಿ?” ಕೆಳಗೆ ಎಂಜಿನಿನ ಹೊಟ್ಟೆಯನ್ನು ಕಲ್ಲಿನಿಂದ ಕಾಯುವ ದಪ್ಪ ತಗಡು, ಮುಂದೆ ಹೆಚ್ಚಿನ ದೀಪಗಳಿಗಾಗಿ ಕೊರೆದ ತೂತುಗಳು. ಮುಂದಿನ ಮಡ್‌ಗಾರ್ಡಿನ ನೀಲಿ ಬಣ್ಣವನ್ನು ನೀರುಕಾಗದದಿಂದ ಮೆಲ್ಲಗೆ ಉಜ್ಜಲು ಬಿಳಿ ಬಂದಿತು. ಬಿಳಿಯ ಕೆಳಗೆ ಎರಡು ಹೆಸರು, ಪಕ್ಕದಲ್ಲಿ ಅವರ ರಕ್ತದ ಗುಂಪು! ಅಪಘಾತವಾದರೆ ಬೇಕಾಗುವುದೆಂದು ಬರೆಸಿದ್ದು. ಒಬ್ಬ ಹುಡುಗಿ ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತಳು. ಆ ಎರಡು ಹೆಸರುಗಳೂ ಪುಸ್ತಕದಲ್ಲಿರಲಿಲ್ಲ.

ಉಳಿದದ್ದು ಕಾಕಾ ಅವರ ಲೆಕ್ಕದ ಪುಸ್ತಕ. ಕನ್ನಡದಲ್ಲಿ, ಎಣ್ಣೆ ಹತ್ತಿದ ಬೆರಳಿನಿಂದ ಬರೆದದ್ದು. 1998ರಲ್ಲಿ ಹದಿನೈದು ವರ್ಷದ ನೋಂದಣಿ ಮುಗಿಯುವ ಮೊದಲು ತಪಾಸಣೆಗೆ ಸಿದ್ಧಪಡಿಸಲೆಂದು ಕಾರು ಬಂದದ್ದು, ಗಿರಾಕಿ ಬಾರದೆಹೋದದ್ದು, ಆಮೇಲೆ ಪ್ರತಿ ಮಳೆಗಾಲದ ಮುಂಚೆ ಹಾಕಿದ ಎಣ್ಣೆ, ಬದಲಿಸಿದ ರಬ್ಬರು, ಎಲ್ಲವೂ ತಾರೀಖಿನೊಡನೆ ಅಲ್ಲಿವೆ. ಕಾರನ್ನು ಎಲ್ಲರಿಗಿಂತ ಹೆಚ್ಚು ಕಾಲ ಸಾಕಿದವರ ದಾಖಲೆ ಅದೊಂದೇ. ಕಚೇರಿಯಲ್ಲಿ ಅದನ್ನು ಓದಬಲ್ಲವರಿಲ್ಲ, ಓದಿದರೂ ಅದಕ್ಕೆ ಬೆಲೆಯಿಲ್ಲ.

ಪುಸ್ತಕದಲ್ಲಿದ್ದ ಚಿಕ್ಕಮಗಳೂರಿನ ವಿಳಾಸಕ್ಕೆ ಮಕ್ಕಳಿಂದಲೇ ಪತ್ರ ಬರೆಯಿಸಿದೆವು. ತಿಂಗಳೊಂದಾದ ಮೇಲೆ ಯಜಮಾನರ ಮಗನ ಉತ್ತರ ಬಂದಿತು. ತಂದೆಯವರು ತೀರಿಕೊಂಡಿದ್ದಾರೆ, ಮಡ್‌ಗಾರ್ಡಿನ ಎರಡನೆಯ ಹೆಸರು ತಮ್ಮ ಸೋದರಮಾವನದು, ಅವರ ಪಂದ್ಯದ ಹುಚ್ಚಿಗಾಗಿಯೇ ತಂದೆ ಕಾರನ್ನು ಕೊಂಡದ್ದು, 1991ರಲ್ಲಿ ಖಾಲಿ ಫಾರಮ್ಮುಗಳಿಗೆ ಸಹಿಮಾಡಿ ಮುಂಬಯಿಯವರಿಗೆ ಕೊಟ್ಟಾಗಲೇ ಹೆಸರು ಹೋಯಿತೆಂದು ತಿಳಿದಿದ್ದೆವು ಎಂದು ಬರೆದಿದ್ದರು. ಹೆಸರು ಹೋಗಿರಲಿಲ್ಲ. ಪುಸ್ತಕದಲ್ಲಿ ಹೆಸರಿರುವವರೆಗೆ ಅಪಘಾತದ ಪರಿಹಾರಕ್ಕೆ ಹೊಣೆ ಅವರೇ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಸ್ಪಷ್ಟಪಡಿಸಿದೆ. ಸಹಿ ಮಾಡಿದ ಖಾಲಿ ಕಾಗದವನ್ನು ಕೊಡುವವರು ಇದನ್ನು ಅರಿಯರು.

ದಾರಿ ಉದ್ದವಾದರೂ ಇದೆ. 31ನೆಯ ಫಾರಮ್ಮಿನಿಂದ ತಂದೆಯ ಹೆಸರು ಮಗನಿಗೆ ಬರಬೇಕು. 28ನೆಯದರಿಂದ ಕರ್ನಾಟಕದ ಕಚೇರಿಯ ನಿರಾಕ್ಷೇಪಣಾ ಪತ್ರ. 29 ಮತ್ತು 30ರಿಂದ ಮಗನಿಂದ ಕಾಕಾ ಅವರಿಗೆ. ಆಮೇಲೆ ತಪಾಸಣೆ, ಬಾಕಿ ತೆರಿಗೆ, ವಾಶಿಯ ಹೊಸ ನಂಬರು. ಐವತ್ತು ವರ್ಷ ದಾಟಿದ ವಾಹನಗಳಿಗೆಂದು 2021ರಲ್ಲಿ ಬಂದ ‘ವಿ.ಎ.’ ಎಂಬ ವಿಶೇಷ ನಂಬರು ಇದಕ್ಕೆ 2033ರ ಮೊದಲು ಸಲ್ಲದು. ಮಗನು ಸಹಿಮಾಡಲು ಒಪ್ಪಿದ್ದಾರೆ. ಬೆಲೆಯೇನೂ ಬೇಡ, ಆ ಮಡ್‌ಗಾರ್ಡಿನ ಚಿತ್ರವೊಂದನ್ನು ಕಳುಹಿಸಿರೆಂದು ಕೇಳಿದ್ದಾರೆ. ಕಳುಹಿಸಿದೆವು.

ಕೊಳ್ಳಲು ಬಂದಿದ್ದ ಗೃಹಸ್ಥರು ಎಂಜಿನು ಮೂಲದ್ದಲ್ಲವೆಂದು ಬೆಲೆಯನ್ನು ಇಳಿಸಿದ್ದಾರೆ. ಕಾಕಾ ಅವರಿಗೆ ಅದರ ಚಿಂತೆ ಕಾಣುವುದಿಲ್ಲ. “ಮಾರೂದು ಆಮ್ಯಾಲ ನೋಡೂಣು, ಮಾಸ್ತರ. ಮೊದಲ ಪುಸ್ತಕದಾಗ ನನ್ನ ಹೆಸರು ಬೀಳ್ಲಿ” ಎನ್ನುತ್ತಾರೆ. ನಿರಾಕ್ಷೇಪಣಾ ಪತ್ರ ಇನ್ನೂ ಬಂದಿಲ್ಲ. ಹೋದ ಶನಿವಾರ ಅವರು ಪ್ಲಗ್ಗುಗಳನ್ನು ತೊಳೆದು, ಲಾರಿಯ ಬ್ಯಾಟರಿಯಿಂದ ತಂತಿ ಎಳೆದು, ಎಂಜಿನನ್ನು ಮೂರು ನಿಮಿಷ ಓಡಿಸಿದರಂತೆ. ಅದೂ ಲೆಕ್ಕದ ಪುಸ್ತಕದಲ್ಲಿ ದಾಖಲಾಗಿದೆ.