ಗಾಳಿಯೇ ಹೆಪ್ಪಾದ ಮದ್ಯ

ಬೆಲ್ಜಿಯಂ ದೇಶದ ರಾಜಧಾನಿಯಾದ ಬ್ರಸೆಲ್ಸ್ ನಗರದಲ್ಲಿ ಸೆನ್ ಎಂಬ ಸಣ್ಣ ನದಿಯುಂಟು. ಪೇಟೆಯ ನಡುವೆ ಅದನ್ನು ಹುಡುಕಿದರೆ ಕಾಣಿಸದು. 1867ರಿಂದ 1871ರ ವರೆಗೆ ಅದರ ಪಾತ್ರಕ್ಕೆ ಕಮಾನು ಕಟ್ಟಿ ಮುಚ್ಚಿ, ಮೇಲೆ ರಾಜಮಾರ್ಗಗಳನ್ನು ಮಾಡಿದರು. ಆದರೂ ಆ ಕಣಿವೆಯ ಗಾಳಿಗೆ ಈಗಲೂ ಹೆಸರಿದೆ. ಅಲ್ಲಿಯ ಲಾಂಬಿಕ್ ಎಂಬ ಬೀರಿಗೆ ಆ ಗಾಳಿಯೇ ಹೆಪ್ಪು.

ನಾವು ಮದ್ಯವನ್ನು ಮುಟ್ಟಿದವರಲ್ಲ. ವಾಚಕರಿಗೆ ಅದನ್ನು ಹೊಗಳಿ ಹೇಳುವ ಇಚ್ಛೆಯೂ ನಮಗಿಲ್ಲ. ಆದರೆ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ ಕಿಣ್ವದ ವಿಚಾರವನ್ನು ಓದಿದ್ದ ನಮಗೆ, ಕಿಣ್ವವನ್ನೇ ಹಾಕದೆ ಮದ್ಯವಾಗುವ ಬಗೆಯನ್ನು ಕಾಣಬೇಕೆಂಬ ಕುತೂಹಲವಾಯಿತು. ಆಂಡರ್ಲೆಕ್ಟ್ ಭಾಗದಲ್ಲಿ 1900ರಲ್ಲಿ ಸ್ಥಾಪಿತವಾದ ಕಾಂಟಿಯೋನ್ ಎಂಬ ಕಾರ್ಖಾನೆಗೆ ಹೋದೆವು. 1978ರಿಂದ ಅದು ವಸ್ತುಸಂಗ್ರಹಾಲಯವೂ ಆಗಿದೆ.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಸುಮಾರು ಎರಡು ಪಾಲು, ಹಸಿ ಗೋದಿ ಒಂದು ಪಾಲು. ಇವುಗಳ ರಸಕ್ಕೆ ವರ್ಷಗಟ್ಟಲೆ ಹಳೆಯದಾದ ಹಾಪ್ ಹೂಗಳನ್ನು ಹಾಕಿ ಗಂಟೆಗಟ್ಟಲೆ ಕುದಿಸುತ್ತಾರೆ. ಹೂ ಹಳತಾದಷ್ಟೂ ಕಹಿ ತಗ್ಗುವುದು, ಕೆಡದಂತೆ ಕಾಯುವ ಗುಣ ಉಳಿಯುವುದು. ಬಳಿಕ ಆ ರಸವನ್ನು ಮಾಡಿನ ಕೆಳಗಿರುವ ಆಳವಿಲ್ಲದ ಅಗಲವಾದ ತಾಮ್ರದ ತೊಟ್ಟಿಗೆ ಹರಿಸಿ ರಾತ್ರಿಯೆಲ್ಲ ತೆರೆದಿಡುವರು. ಅದರಲ್ಲಿ 7500 ಲೀಟರು ಹಿಡಿಯುತ್ತದೆ. ಮೊಸರಿಗೆ ಹೆಪ್ಪು ಬೇಕು. ದೋಸೆಯ ಹಿಟ್ಟಾದರೋ ರುಬ್ಬಿಟ್ಟರೆ ತಾನೇ ಹುದುಗುವುದೆಂದು ನಮ್ಮ ಗೃಹಿಣಿಯರು ಬಲ್ಲರು. ಲಾಂಬಿಕ್ಕು ದೋಸೆಯ ಜಾತಿಯದು. ಆದರೆ ಅದಕ್ಕೆ ಬೇಕಾದುದು ಒಂದು ರಾತ್ರಿಯಲ್ಲ, ಮರದ ಪೀಪಾಯಿಯಲ್ಲಿ ಒಂದರಿಂದ ಮೂರು ವರ್ಷ. ಒಂದು, ಎರಡು, ಮೂರು ವರ್ಷದವುಗಳನ್ನು ಬೆರೆಸಿ ಸೀಸೆಗೆ ತುಂಬಿದರೆ ಅಲ್ಲಿ ಮತ್ತೆ ಹುದುಗಿ ನೊರೆಗಟ್ಟುತ್ತದೆ. ಅದನ್ನು ಗೂಸ್ ಎನ್ನುತ್ತಾರೆ. ಹುಳಿ ಚೆರಿಹಣ್ಣು ನೆನೆಹಾಕಿದರೆ ಕ್ರೀಕ್.

ಪೀಪಾಯಿಗಳ ನಡುವೆ ಜೇಡರಬಲೆಗಳನ್ನು ಕಂಡು ನಮಗೆ ಆಶ್ಚರ್ಯವಾಯಿತು. ಅವನ್ನು ಗುಡಿಸುವುದಿಲ್ಲವಂತೆ, ಹುಳಿವಾಸನೆಗೆ ಮುತ್ತುವ ನೊಣಗಳನ್ನು ಜೇಡಗಳೇ ಹಿಡಿಯುತ್ತವೆ. ಲೋಟವನ್ನು ಮೂಸಿ ನೋಡಿದೆವು: ಹುಳಿಮಜ್ಜಿಗೆ, ಒಣಹುಲ್ಲು, ಹಳೆಯ ಚರ್ಮ. ಈ ವಾಸನೆಗೆ ಮುಖ್ಯ ಕಾರಣವಾದ ಸೂಕ್ಷ್ಮಜೀವಿಯ ಕುಲಕ್ಕೆ 1904ರಲ್ಲಿ ಡೆನ್ಮಾರ್ಕಿನ ಕ್ಲೌಸೆನ್ ಎಂಬ ವಿಜ್ಞಾನಿಯು ಬ್ರೆಟನೊಮೈಸೀಸ್ ಎಂದು ಹೆಸರಿಟ್ಟನು. ಅದರ ಒಂದು ಜಾತಿಗೆ ಬ್ರಸೆಲ್ಸಿನ ಹೆಸರೇ ಸಂದಿದೆ.

ಇಷ್ಟೆಲ್ಲಕ್ಕೂ ಚಳಿ ಬೇಕು. ರಾತ್ರಿ ಬೆಚ್ಚಗಿದ್ದರೆ ಕೆಡಿಸುವ ಜೀವಿಗಳು ಮೊದಲು ನುಗ್ಗುತ್ತವೆ. ಆದುದರಿಂದಲೇ ಶರತ್ತಿನ ಕೊನೆಯಿಂದ ವಸಂತದ ವರೆಗೆ ಮಾತ್ರ ಈ ಕೆಲಸ. 2015ರ ನವೆಂಬರಿನಲ್ಲಿ ಸೆಕೆ ಇಳಿಯದೆ ಈ ಕಾರ್ಖಾನೆಯವರು ಕೆಲಸವನ್ನೇ ನಿಲ್ಲಿಸಬೇಕಾಯಿತು. ರಸವನ್ನು ಯಂತ್ರದಿಂದ ತಣಿಸಬಹುದು. ಆದರೆ ಗಾಳಿ ಸೋಕುತ್ತ ಮೆಲ್ಲಗೆ ತಣಿಯುವ ಆ ರಾತ್ರಿಯನ್ನು ಯಂತ್ರವು ತಂದುಕೊಡಲಾರದು. ಅಲ್ಲಿಯವರು ಈಗ ತಿಂಗಳನ್ನು ನಂಬುವುದಿಲ್ಲ. ಉಷ್ಣಮಾಪಕವನ್ನು ನೋಡಿ ಒಲೆ ಹಚ್ಚುತ್ತಾರೆ.